ವಿಳಾಸ ಸಂಕ್ಷೇಪ
(ಬಾನುಲಿ ಭಾಷಣದ ಬರಹರೂಪ)

ತಂತಿಯ ಕಾಲದಲ್ಲಿ ಮಾತಿಗೆ ಬೆಲೆಯಿತ್ತು. ಅಲಂಕಾರಕ್ಕಾಗಿ ಹೇಳುತ್ತಿಲ್ಲ, ರೂಪಾಯಿ ಪೈಸೆಗಳ ಲೆಕ್ಕದಲ್ಲಿಯೇ ಬೆಲೆಯಿತ್ತು. ಕಳುಹಿಸುವ ಪದಗಳನ್ನು ಎಣಿಸಿ ಹಣ ತೆರಬೇಕು. ವಿಳಾಸದ ಪದಗಳೂ ಆ ಎಣಿಕೆಗೆ ಹೊರತಲ್ಲ. ಆದಕಾರಣ ವ್ಯಾಪಾರಿಗಳೂ ಬ್ಯಾಂಕಿನವರೂ ಪತ್ರಿಕಾಲಯದವರೂ ತಂತಿ ಕಚೇರಿಗೆ ಶುಲ್ಕ ಕಟ್ಟಿ, ತಮ್ಮ ಹೆಸರು, ಬೀದಿ, ಪೇಟೆಗಳಿಗೆಲ್ಲ ಬದಲಾಗಿ ಒಂದೇ ಒಂದು ಪದವನ್ನು ನೋಂದಾಯಿಸಿಕೊಳ್ಳುತ್ತಿದ್ದರು. ಬಿಲ್ಲಿನ ಪುಸ್ತಕದ ನೆತ್ತಿಯ ಮೇಲೆ ‘ತಂತಿ’ ಎಂದು ಬರೆದು ಅದರ ಮುಂದೆ ಆ ಪದವನ್ನು ಅಚ್ಚು ಹಾಕಿಸುವುದು ಪ್ರತಿಷ್ಠೆಯ ಗುರುತೂ ಆಗಿತ್ತು. ಆ ಪದಕ್ಕೆ ಅರ್ಥವಿದ್ದುದು ತಂತಿ ಕಚೇರಿಯ ದಫ್ತರದಲ್ಲಿ ಮಾತ್ರ. 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಹಳೆಯ ಕಾಗದಪತ್ರಗಳಲ್ಲಿ ಆ ಪದಗಳು ಇನ್ನೂ ಅಳಿಯದೆ ಉಳಿದಿವೆ. ಅವನ್ನು ಬಿಡಿಸಿ ಓದಿ ಮನೆ ಮುಟ್ಟಿಸಬಲ್ಲ ಕಚೇರಿ ಉಳಿದಿಲ್ಲ.

ಇದನ್ನು ಈಗ ನೆನೆಯಲು ಕಾರಣವಿದೆ. ಅಂತರಜಾಲದ ಉದ್ದ ವಿಳಾಸಗಳನ್ನು ಗಿಡ್ಡ ಮಾಡಿ ಬರೆಯುವ ಪದ್ಧತಿ ಇಂದು ಎಲ್ಲೆಡೆ ರೂಢಿಗೆ ಬಂದಿದೆ. ಮೊಬೈಲಿನ ಸಂದೇಶದಲ್ಲಿ, ಪತ್ರಿಕೆಯ ಜಾಹೀರಾತಿನಲ್ಲಿ, ಗ್ರಂಥಗಳ ಅಡಿಟಿಪ್ಪಣಿಯಲ್ಲಿ ಕೂಡ ಆರೇಳು ಅಕ್ಷರಗಳ ಅರ್ಥವಿಲ್ಲದ ಗೊಂಚಲುಗಳನ್ನು ದಿನವೂ ಕಾಣುತ್ತೇವೆ. ಒಂದೆರಡು ವಿಳಾಸಗಳಾದರೆ ಕೈಯಿಂದಲೇ ಮಾಡಿಕೊಳ್ಳಬಹುದು. ನಲವತ್ತು ಐವತ್ತು ಕೊಂಡಿಗಳಿರುವ ದೀರ್ಘ ಲೇಖನವಾದರೆ ಕೈಕೆಲಸ ಬೇಸರ ತರುತ್ತದೆ, ತಪ್ಪಿಗೂ ಎಡೆ ಕೊಡುತ್ತದೆ. ಆಗ ಕಂಪ್ಯೂಟರಿನ ಕಮಾಂಡ್ ಲೈನ್ ಎಂಬ ಆದೇಶದ ಸಾಲಿನಲ್ಲಿ ನಡೆಯುವ ಒಂದು ಪುಟ್ಟ ಉಪಕರಣ ಆ ಕೆಲಸವನ್ನು ಕ್ಷಣಮಾತ್ರದಲ್ಲಿ ಮುಗಿಸಿಕೊಡುತ್ತದೆ. ಅದು ಹೇಗೆ ನಡೆಯುತ್ತದೆ, ಅದರಿಂದ ದೊರೆಯುವ ಅನುಕೂಲವೇನು, ಆ ಅನುಕೂಲಕ್ಕೆ ನಾವು ತೆರುವ ಬೆಲೆಯೇನು ಎಂಬಿಷ್ಟನ್ನು ವಿಚಾರಿಸುವುದು ಈ ಭಾಷಣದ ಉದ್ದೇಶ.

ಮೊದಲು ವಿಳಾಸದ ಅಂಗಾಂಗಗಳನ್ನು ನೋಡೋಣ. ಅಂತರಜಾಲದ ವಿಳಾಸವನ್ನು ಹೇಗೆ ಬರೆಯಬೇಕೆಂಬ ನಿಯಮಗಳು 1994ರಲ್ಲಿ ವ್ಯವಸ್ಥಿತ ರೂಪ ತಾಳಿದವು. ಆರಂಭದಲ್ಲಿರುವ ‘ಎಚ್‌ಟಿಟಿಪಿಎಸ್’ ಎಂಬುದು ಯಾವ ರೀತಿಯ ಸಂಭಾಷಣೆ ನಡೆಯಬೇಕೆಂಬುದರ ಸೂಚನೆ. ಆಮೇಲೆ ಬರುವುದು ಮನೆಯ ಹೆಸರು, ಎಂದರೆ ಪುಟವನ್ನು ಇಟ್ಟುಕೊಂಡಿರುವ ಕಂಪ್ಯೂಟರಿನ ಹೆಸರು. ಅದರ ಮುಂದೆ ಓರೆಗೆರೆಗಳಿಂದ ಬೇರ್ಪಟ್ಟ ದಾರಿ: ಯಾವ ಕೋಣೆ, ಯಾವ ಕಪಾಟು, ಯಾವ ಪುಟ. ಕೆಲವು ಸಲ ಇಷ್ಟಕ್ಕೂ ಮುಗಿಯದೆ ಪ್ರಶ್ನಾರ್ಥಕ ಚಿಹ್ನೆಯೊಂದು ಬಂದು, ಅದರ ಹಿಂದೆ ಬೇರೆ ಬೇರೆ ವಿವರಗಳು ‘&’ ಎಂಬ ಗುರುತಿನಿಂದ ಒಂದಕ್ಕೊಂದು ಗಂಟುಬಿದ್ದು ಸಾಲುಗಟ್ಟುತ್ತವೆ.

ಈ ಬಾಲದಲ್ಲಿರುವುದೆಲ್ಲ ನಮಗಾಗಿ ಇದ್ದದ್ದಲ್ಲ. ‘ಯುಟಿಎಂ’ ಎಂದು ಆರಂಭವಾಗುವ ತುಣುಕುಗಳನ್ನು ಅನೇಕರು ನೋಡಿರಬಹುದು. 2005ರಲ್ಲಿ ಗೂಗಲ್ ಕೊಂಡುಕೊಂಡ ಅರ್ಚಿನ್ ಎಂಬ ಸಂಸ್ಥೆಯ ಹೆಸರಿನ ಮೊದಲಕ್ಷರ ಅದರಲ್ಲಿ ಉಳಿದಿದೆ. ಓದುಗ ಯಾವ ಜಾಹೀರಾತಿನಿಂದ, ಯಾವ ಪತ್ರದಿಂದ ಇಲ್ಲಿಗೆ ಬಂದನೆಂದು ಲೆಕ್ಕವಿಡುವುದು ಅದರ ಕೆಲಸ. ಫೇಸ್‌ಬುಕ್ ಕೂಡ 2018ರಿಂದ ತನ್ನ ಮೂಲಕ ಹಾದುಹೋಗುವ ಕೊಂಡಿಗಳಿಗೆ ಒಂದು ಉದ್ದವಾದ ಗುರುತನ್ನು ಅಂಟಿಸುತ್ತ ಬಂದಿದೆ. ಇವನ್ನು ಕತ್ತರಿಸಿ ಹಾಕಿದರೆ ಪುಟಕ್ಕೆ ಏನೂ ಕೊರತೆಯಾಗದು.

ಕನ್ನಡಿಗರಾದ ನಮಗೆ ಇನ್ನೊಂದು ತೊಡಕಿದೆ. ಜಾಲದ ವಿಳಾಸವನ್ನು ಮೂಲತಃ ರೋಮನ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳಲ್ಲಿ ಬರೆಯಬೇಕೆಂಬುದು ನಿಯಮ. ನಮ್ಮ ಲಿಪಿಯ ಅಕ್ಷರ ಅಲ್ಲಿಗೆ ಹೋಗಬೇಕಾದರೆ ವೇಷ ಬದಲಿಸಬೇಕು. ಕನ್ನಡದ ಪ್ರತಿಯೊಂದು ಮೂಲ ಗುರುತೂ, ವ್ಯಂಜನವಾಗಲಿ ಸ್ವರಚಿಹ್ನೆಯಾಗಲಿ, ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಮೂರು ಬೈಟುಗಳಾಗುತ್ತದೆ. ವಿಳಾಸದಲ್ಲಿ ಒಂದೊಂದು ಬೈಟಿಗೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಾಕ್ಷರಗಳು ಬೇಕು. ಹೀಗೆ ‘ಕ’ ಎಂಬ ಒಂದೇ ಅಕ್ಷರ ‘%ಇ0%ಬಿ2%95’ ಎಂದು ಒಂಬತ್ತು ಗುರುತುಗಳಷ್ಟು ಉದ್ದವಾಗುತ್ತದೆ. ‘ಕರ್ನಾಟಕ’ ಎಂಬ ಪದದಲ್ಲಿ ಒತ್ತಿನ ಕೊಂಡಿಯನ್ನೂ ದೀರ್ಘವನ್ನೂ ಸೇರಿಸಿ ಏಳು ಮೂಲ ಗುರುತುಗಳಿವೆ. ವಿಳಾಸದಲ್ಲಿ ಅದು 63 ಗುರುತುಗಳನ್ನು ನುಂಗುತ್ತದೆ. ಕನ್ನಡ ವಿಕಿಪೀಡಿಯದ ‘ಕರ್ನಾಟಕ’ ಪುಟದ ವಿಳಾಸವನ್ನು ಹೀಗೆ ಬಿಡಿಸಿ ಎಣಿಸಿದರೆ 93 ಗುರುತುಗಳು. ಅದೇ ವಿಷಯದ ಇಂಗ್ಲಿಷ್ ಪುಟದ ವಿಳಾಸ 39ಕ್ಕೆ ಮುಗಿಯುತ್ತದೆ. ತೆರೆಯ ಮೇಲೆ ಚೆಂದದ ಕನ್ನಡದಲ್ಲಿ ಕಾಣುವ ವಿಳಾಸವನ್ನು ನಕಲು ಮಾಡಿ ಪತ್ರದಲ್ಲಿ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಕಾಡಾಗಿ ಬೆಳೆಯುವುದು ಈ ಕಾರಣದಿಂದ.

ಉದ್ದವಾದರೆ ಏನು ತೊಂದರೆ ಎಂದು ಕೇಳಬಹುದು. ಮಿಂಚಂಚೆಯ ಪಂಕ್ತಿಯೊಂದು 78 ಗುರುತುಗಳನ್ನು ಮೀರಬಾರದೆಂಬ ಸಲಹೆ ಅದರ ನಿಯಮಾವಳಿಯಲ್ಲಿಯೇ ಇದೆ. ಆ ಮೇರೆಯನ್ನು ದಾಟಿದ ಸಾಲನ್ನು ಅನೇಕ ಅಂಚೆ ತಂತ್ರಾಂಶಗಳು ಮುರಿದು ಎರಡಾಗಿಸುತ್ತಿದ್ದವು. ಮುರಿದ ವಿಳಾಸದ ಮೇಲರ್ಧವನ್ನು ಮಾತ್ರ ಒತ್ತಿದ ಓದುಗ ಎಲ್ಲಿಗೋ ಹೋಗಿ ಬರಿಗೈಯಲ್ಲಿ ಮರಳುತ್ತಿದ್ದ. ಈ ಕಿರುಕುಳಕ್ಕೆ ಪರಿಹಾರವಾಗಿ 2002ರಲ್ಲಿ ಅಮೆರಿಕದ ಮಿನೆಸೋಟದ ಕೆವಿನ್ ಗಿಲ್ಬರ್ಟ್‌ಸನ್ ಎಂಬಾತ ‘ಟೈನಿಯುಆರ್‌ಎಲ್’ ಎಂಬ ಸೇವೆಯನ್ನು ಆರಂಭಿಸಿದ. ಆತನಿಗೆ ಒಂಟಿಗಾಲಿಯ ಸೈಕಲ್ ಸವಾರಿಯ ಹವ್ಯಾಸ. ಚರ್ಚಾಗುಂಪುಗಳ ಬರಹಗಳಿಗೆ ನೇರವಾಗಿ ಕೊಂಡಿ ಕೊಡುವುದು ಸುಲಭವಾಗಲೆಂದು ಆತ ಇದನ್ನು ಕಟ್ಟಿದ. 2006ರಲ್ಲಿ ಹುಟ್ಟಿದ ಟ್ವಿಟರ್ ಒಂದು ಮಾತಿಗೆ 140 ಗುರುತುಗಳ ಗಡಿ ಹಾಕಿತು. ಆಗಂತೂ ಗಿಡ್ಡ ವಿಳಾಸ ಇಲ್ಲದೆ ಗತ್ಯಂತರವಿಲ್ಲವಾಯಿತು. 2008ರಲ್ಲಿ ‘ಬಿಟ್ಲಿ’, 2009ರ ಕೊನೆಗೆ ಗೂಗಲಿನ ‘ಗೂ ಡಾಟ್ ಜಿಎಲ್’, ಹೀಗೆ ಒಂದರ ಹಿಂದೊಂದು ಸೇವೆಗಳು ಬಂದವು.

ಇವುಗಳ ಒಳಗುಟ್ಟು ತಂತಿ ಕಚೇರಿಯ ಒಳಗುಟ್ಟೇ. ಉದ್ದ ವಿಳಾಸವನ್ನು ಹಿಂಡಿ ಚಿಕ್ಕದು ಮಾಡುವ ಮಂತ್ರ ಇಲ್ಲಿ ಏನೂ ಇಲ್ಲ. ಒಂದು ಖಾತೆ ಪುಸ್ತಕವಿದೆ. ತಂದ ವಿಳಾಸವನ್ನು ಅದರಲ್ಲಿ ಬರೆದುಕೊಂಡು ಒಂದು ಚೀಟಿ ಕೊಡುತ್ತಾರೆ. ರೋಮನ್ ಲಿಪಿಯ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿಗಳು 10. ಒಟ್ಟು 62 ಗುರುತುಗಳಲ್ಲಿ ಆರನ್ನು ಆರಿಸಿ ಜೋಡಿಸುವ ಬಗೆಗಳು ಸುಮಾರು 5,680 ಕೋಟಿ. ಏಳನ್ನು ಜೋಡಿಸಿದರೆ ಸುಮಾರು 3 ಲಕ್ಷ 52 ಸಾವಿರ ಕೋಟಿ. ಆದ್ದರಿಂದ ಚೀಟಿಗಳಿಗೆ ಬರಗಾಲವಿಲ್ಲ. ಯಾರಾದರೂ ಆ ಚೀಟಿಯನ್ನು ತೋರಿಸಿದರೆ ಸೇವೆಯ ಕಂಪ್ಯೂಟರು ತನ್ನ ಖಾತೆಯನ್ನು ತೆರೆದು, 301 ಎಂಬ ಸಂಖ್ಯೆಯ ಉತ್ತರದೊಡನೆ, ‘ನೀವು ಕೇಳುವವರು ಇಲ್ಲಿಲ್ಲ, ಇಂಥ ಕಡೆ ಇದ್ದಾರೆ’ ಎಂದು ಉದ್ದ ವಿಳಾಸವನ್ನು ಹೇಳಿಕಳುಹಿಸುತ್ತದೆ. ಇದೆಲ್ಲ ಕಣ್ಣೆವೆ ಬಡಿಯುವುದರೊಳಗೆ ನಡೆಯುವುದರಿಂದ ನಡುವೆ ಒಬ್ಬ ದುಭಾಷಿಯಿದ್ದನೆಂಬುದೇ ನಮಗೆ ತಿಳಿಯುವುದಿಲ್ಲ.

ಇನ್ನು ಆದೇಶದ ಸಾಲಿನ ಮಾತು. ಚಿತ್ರಗಳನ್ನೂ ಗುಂಡಿಗಳನ್ನೂ ಒತ್ತಿ ಕೆಲಸ ಮಾಡಿಸುವುದು ಇಂದಿನ ರೂಢಿ. ಅದಕ್ಕೆ ಮುಂಚಿನಿಂದ ಇರುವ, ಬಲ್ಲವರು ಇಂದಿಗೂ ಬಿಡದೆ ಇರುವ ಪದ್ಧತಿಯೆಂದರೆ ಕಂಪ್ಯೂಟರಿಗೆ ಬರವಣಿಗೆಯಲ್ಲಿಯೇ ಅಪ್ಪಣೆ ಕೊಡುವುದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಈ ಪದ್ಧತಿ ಒಂದು ಶಿಸ್ತಾಗಿ ಬೆಳೆಯಿತು. ಒಂದೊಂದು ಉಪಕರಣವೂ ಒಂದೇ ಕೆಲಸ ಮಾಡಬೇಕು, ಅದನ್ನು ಚೆನ್ನಾಗಿ ಮಾಡಬೇಕು. ಒಂದರ ಬಾಯಿಂದ ಹೊರಬಂದ ಬರಹ ಇನ್ನೊಂದರ ಕಿವಿಗೆ ಬೀಳಬೇಕು. ಡಗ್ಲಸ್ ಮೆಕ್‌ಇಲ್ರಾಯ್ ಅವರ ಒತ್ತಾಯದ ಮೇರೆಗೆ 1973ರಲ್ಲಿ ಈ ಜೋಡಣೆಗೆ ‘ಪೈಪ್’ ಎಂಬ ವ್ಯವಸ್ಥೆ ಏರ್ಪಟ್ಟಿತು. ಇಂದು ಅದರ ಗುರುತು ‘|’ ಎಂಬ ನೆಟ್ಟನೆಯ ಗೆರೆ. ಕನ್ನಡದ ಅಕ್ಷರಕ್ಕೆ ಮೂರು ಬೈಟು ಕೊಟ್ಟ ಯುಟಿಎಫ್-8 ಕೂಡ ಇದೇ ಥಾಂಪ್ಸನ್ನರ ಕೈಯದು. 1992ರಲ್ಲಿ ಅವರೂ ರಾಬ್ ಪೈಕ್ ಅವರೂ ನ್ಯೂಜೆರ್ಸಿಯ ಒಂದು ಊಟದ ಮನೆಯಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದನ್ನು ರೂಪಿಸಿದರು.

ಈ ಹಿನ್ನೆಲೆಯಲ್ಲಿ ನಮ್ಮ ಉಪಕರಣವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಒಂದು ಕಡೆಯಿಂದ ಲೇಖನ ಒಳಹೋಗುತ್ತದೆ, ಇನ್ನೊಂದು ಕಡೆಯಿಂದ ಗಿಡ್ಡ ವಿಳಾಸಗಳನ್ನು ಧರಿಸಿಕೊಂಡ ಲೇಖನ ಹೊರಬರುತ್ತದೆ. ನಡುವೆ ಐದು ಹೆಜ್ಜೆಗಳು. ಮೊದಲನೆಯದು, ಬರಹದಲ್ಲಿ ವಿಳಾಸ ಎಲ್ಲಿದೆಯೆಂದು ಹುಡುಕುವುದು. ಎರಡನೆಯದು, ಲೆಕ್ಕದ ಬಾಲಗಳನ್ನು ಕತ್ತರಿಸುವುದು. ಮೂರನೆಯದು, ಇಷ್ಟಾದ ಮೇಲೂ ವಿಳಾಸ ಉದ್ದವಾಗಿಯೇ ಇದೆಯೇ ಎಂದು ಅಳೆಯುವುದು. 60 ಗುರುತಿಗಿಂತ ಕಡಿಮೆಯಿದ್ದರೆ ಹಾಗೆಯೇ ಬಿಡುವುದು ಎಂಬಂಥ ಒಂದು ಮಿತಿಯನ್ನು ನಾವೇ ಹಾಕಿಕೊಳ್ಳಬಹುದು. ನಾಲ್ಕನೆಯದು, ಉದ್ದವಾದದ್ದನ್ನು ಸಂಕ್ಷೇಪ ಸೇವೆಗೆ ಒಪ್ಪಿಸಿ ಚೀಟಿ ಪಡೆಯುವುದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಹೊರತಂದ ‘ಕರ್ಲ್’ ಎಂಬ ಉಪಕರಣ ಇದಕ್ಕೆ ಹೇಳಿಮಾಡಿಸಿದ್ದು. ಜಾಲದ ಯಾವ ಬಾಗಿಲಿಗಾದರೂ ಹೋಗಿ ಕೇಳಿ ಉತ್ತರ ತರುವ ಓಲೆಕಾರ ಅದು. ಐದನೆಯದು, ತಂದ ಚೀಟಿಯನ್ನು ಉದ್ದ ವಿಳಾಸವಿದ್ದ ಜಾಗದಲ್ಲಿ ಇಡುವುದು. ಬರಹದಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಇಡುವ ಈ ಕೆಲಸಕ್ಕೆ 1974ರ ಸುಮಾರಿನಲ್ಲಿ ಲೀ ಮೆಕ್‌ಮಹನ್ ಬರೆದ ‘ಸೆಡ್’ ಎಂಬ ಉಪಕರಣ ಇಂದಿಗೂ ಬಳಕೆಯಲ್ಲಿದೆ.

ಹೇಳುವುದಕ್ಕೆ ಇಷ್ಟು ಸರಳವಾದರೂ ಮಾಡುವಾಗ ಮುಳ್ಳುಗಳು ಸಿಕ್ಕುತ್ತವೆ. ಆದೇಶದ ಸಾಲಿನಲ್ಲಿ ‘&’ ಎಂಬ ಗುರುತಿಗೆ ಬೇರೆಯೇ ಅರ್ಥವಿದೆ: ‘ಇಲ್ಲಿಗೆ ಈ ಅಪ್ಪಣೆ ಮುಗಿಯಿತು, ಇದನ್ನು ಹಿನ್ನೆಲೆಯಲ್ಲಿ ನಡೆಸುತ್ತಿರು’ ಎಂದು. ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡದೆ ಹಾಗೆಯೇ ಕೊಟ್ಟರೆ ಆ ಗುರುತಿನ ಬಳಿ ಅದು ತುಂಡಾಗಿ, ಅರ್ಧ ವಿಳಾಸಕ್ಕೆ ಚೀಟಿ ಬರುತ್ತದೆ. ಚೀಟಿ ನೋಡಲು ಸರಿಯಾಗಿಯೇ ಇರುವುದರಿಂದ ತಪ್ಪು ಬಹುದಿನ ಬಯಲಾಗುವುದಿಲ್ಲ. ಇನ್ನೊಂದು, ಓದುವ ಕಡತಕ್ಕೂ ಬರೆಯುವ ಕಡತಕ್ಕೂ ಒಂದೇ ಹೆಸರು ಕೊಡುವುದು. ಹಾಗೆ ಕೊಟ್ಟರೆ ಕಂಪ್ಯೂಟರು ಬರೆಯುವುದಕ್ಕೆಂದು ಕಡತವನ್ನು ಮೊದಲೇ ತೊಳೆದಿಡುತ್ತದೆ. ಓದಹೋಗುವಾಗ ಅಲ್ಲಿ ಏನೂ ಇರುವುದಿಲ್ಲ. ಫಲಿತವನ್ನು ಯಾವಾಗಲೂ ಹೊಸ ಹೆಸರಿನ ಕಡತಕ್ಕೆ ಬರೆಸಬೇಕು. ಮೂಲ ಪ್ರತಿ ಮುಟ್ಟದೆ ಉಳಿಯಬೇಕು. ಮೂರನೆಯದಾಗಿ, ಸೇವೆ ಉತ್ತರ ಕೊಡದೆಹೋದಾಗ, ಅಥವಾ ‘ಈಗ ಆಗದು’ ಎಂದಾಗ, ಆ ನಿರಾಕರಣೆಯ ವಾಕ್ಯವನ್ನೇ ವಿಳಾಸವೆಂದು ತಿಳಿದು ಲೇಖನದ ನಡುವೆ ಕೂರಿಸುವ ಮುಗ್ಧತೆ ಉಪಕರಣಕ್ಕೆ ಇರಬಾರದು. ಅಂಥ ಸಮಯದಲ್ಲಿ ಉದ್ದ ವಿಳಾಸವನ್ನು ಇದ್ದಂತೆಯೇ ಬಿಡುವುದು ಕ್ಷೇಮ.

ಎಲ್ಲಕ್ಕಿಂತ ಕುತೂಹಲಕರವಾದ ತೊಡಕು ವ್ಯಾಕರಣದ್ದು. ವಿಳಾಸ ಎಲ್ಲಿ ಮುಗಿಯುತ್ತದೆಂದು ಉಪಕರಣಕ್ಕೆ ಹೇಗೆ ತಿಳಿಯಬೇಕು? ‘ಖಾಲಿ ಜಾಗ ಬರುವ ತನಕ’ ಎಂಬುದು ಸಾಮಾನ್ಯವಾದ ಸೂತ್ರ. ಆದರೆ ವಾಕ್ಯದ ಕೊನೆಯಲ್ಲಿ ವಿಳಾಸ ಬಂದರೆ ಪೂರ್ಣವಿರಾಮವೂ ಅದರೊಡನೆ ಹೊರಟುಹೋಗುತ್ತದೆ. ಆವರಣದೊಳಗೆ ಬಂದರೆ ಮುಚ್ಚುವ ಆವರಣವೂ ಹಿಂಬಾಲಿಸುತ್ತದೆ. ಆದ್ದರಿಂದ ಕೊನೆಯ ಚಿಹ್ನೆಗಳನ್ನು ಕಳಚಿ ನೋಡಬೇಕೆಂಬ ಉಪಸೂತ್ರ ಬೇಕಾಗುತ್ತದೆ. ಇದು ಎಲ್ಲ ಭಾಷೆಯವರಿಗೂ ಇರುವ ಕಷ್ಟ. ಕನ್ನಡದಲ್ಲಿ ನಾವು ನಾಮಪದಕ್ಕೆ ವಿಭಕ್ತಿ ಪ್ರತ್ಯಯವನ್ನು ಅಂಟಿಸಿ ಬರೆಯುವವರು. ಊರಿನ ಹೆಸರಿಗೆ ಅಂಟಿಸುವಂತೆಯೇ ಜಾಲದ ವಿಳಾಸಕ್ಕೂ ‘ನಲ್ಲಿ’ ಎಂದೋ ‘ಅನ್ನು’ ಎಂದೋ ಅಂಟಿಸಿಬಿಡುತ್ತೇವೆ. ಖಾಲಿ ಜಾಗಕ್ಕಾಗಿ ಕಾದಿರುವ ಉಪಕರಣ ಸಪ್ತಮೀ ವಿಭಕ್ತಿಯನ್ನೂ ವಿಳಾಸದ ಭಾಗವೆಂದೇ ಭಾವಿಸಿ ನುಂಗುತ್ತದೆ. ಹಾಗಾದರೆ ಕನ್ನಡ ಅಕ್ಷರ ಕಂಡೊಡನೆ ನಿಲ್ಲು ಎಂದು ಹೇಳೋಣವೇ? ಕನ್ನಡ ವಿಕಿಪೀಡಿಯದಂತೆ ವಿಳಾಸದೊಳಗೇ ಕನ್ನಡವಿದ್ದರೆ ಅದು ಅರ್ಧದಲ್ಲಿಯೇ ಮುರಿದುಬೀಳುತ್ತದೆ. ಇದಕ್ಕೆ ಪರಿಹಾರ ಯಂತ್ರದಲ್ಲಿಲ್ಲ, ಬರೆಯುವವರ ಶಿಸ್ತಿನಲ್ಲಿದೆ. ಬರಹದ ನಡುವೆ ಬರುವ ವಿಳಾಸವನ್ನು ‘<’ ಮತ್ತು ‘>’ ಎಂಬ ಕೋನಾವರಣಗಳ ನಡುವೆ ಇಡುವುದು ಒಳ್ಳೆಯದೆಂದು ವಿಳಾಸಗಳ 2005ರ ನಿಯಮಾವಳಿಯೇ ಸಲಹೆ ಮಾಡುತ್ತದೆ. ಆ ಬೇಲಿ ಹಾಕಿ ಅದರಾಚೆಗೆ ಪ್ರತ್ಯಯ ಬರೆದರೆ ಯಂತ್ರಕ್ಕೂ ಗೊಂದಲವಿಲ್ಲ, ವ್ಯಾಕರಣಕ್ಕೂ ಲೋಪವಿಲ್ಲ.

ಇಲ್ಲಿಯವರೆಗೆ ಅನುಕೂಲದ ಮಾತಾಯಿತು. ಈಗ ಅದರ ಬೆಲೆಯನ್ನು ನೋಡಬೇಕು. ಉದ್ದ ವಿಳಾಸ ನೋಡಲು ಒರಟಾಗಿದ್ದರೂ ಮಾತನಾಡುತ್ತದೆ: ಯಾವ ಸಂಸ್ಥೆಯ ಪುಟ, ಯಾವ ವಿಷಯ, ಎಷ್ಟೋ ಸಲ ಯಾವ ವರ್ಷದ್ದು ಎಂಬುದು ಕೂಡ ಅದನ್ನು ಓದಿದರೇ ತಿಳಿಯುತ್ತದೆ. ಪುಟ ಅಳಿದುಹೋದರೂ ಆ ಸುಳಿವು ಹಿಡಿದು ಬೇರೆಡೆ ಹುಡುಕಬಹುದು. ಗಿಡ್ಡ ವಿಳಾಸ ಮೂಗ. ಅದರ ಹಿಂದೆ ವಿಶ್ವವಿದ್ಯಾಲಯವಿದೆಯೋ ವಂಚಕನಿದ್ದಾನೋ ಹೊರಗಿನಿಂದ ತಿಳಿಯದು. ಖಾತೆ ಇಟ್ಟವನು ಅಂಗಡಿ ಮುಚ್ಚಿದ ದಿನ ಅದರ ಅರ್ಥವೂ ಮುಚ್ಚಿಹೋಗುತ್ತದೆ. ಮೂಲ ಪುಟ ತನ್ನ ಸ್ಥಾನದಲ್ಲಿ ಭದ್ರವಾಗಿದ್ದರೂ ಅಲ್ಲಿಗೆ ಹೋಗುವ ದಾರಿ ಓದುಗನಿಗೆ ಇಲ್ಲವಾಗುತ್ತದೆ.

ಇದು ಬರಿಯ ಊಹೆಯಲ್ಲ. 2009ರ ಆಗಸ್ಟಿನಲ್ಲಿ ‘ಟ್ರಿಮ್’ ಎಂಬ ಸಂಕ್ಷೇಪ ಸೇವೆ ತಾನು ಮುಚ್ಚುವುದಾಗಿ ಸಾರಿ, ಕೋಲಾಹಲವೆದ್ದ ಮೇಲೆ ಕೆಲವೇ ದಿನಗಳಲ್ಲಿ ಮಾತನ್ನು ಹಿಂತೆಗೆದುಕೊಂಡಿತು. ‘ಬಿಟ್ಲಿ’ಯ ವಿಳಾಸದ ಕೊನೆಯ ‘ಎಲ್‌ವೈ’ ಎಂಬುದು ಲಿಬಿಯಾ ದೇಶದ ಗುರುತು. ಆ ಗುರುತನ್ನೇ ಆಶ್ರಯಿಸಿದ್ದ ಇನ್ನೊಂದು ಪುಟ್ಟ ಸಂಕ್ಷೇಪ ಸೇವೆಯ ಹೆಸರನ್ನು 2010ರಲ್ಲಿ ಲಿಬಿಯಾದ ನೋಂದಣಿ ಅಧಿಕಾರಿಗಳು ಕಿತ್ತುಕೊಂಡರು. ಇವೆಲ್ಲ ಚಿಕ್ಕವರ ಪಾಡು, ದೊಡ್ಡವರನ್ನು ನಂಬಬಹುದು ಎನ್ನುವ ಹಾಗೂ ಇಲ್ಲ. ಗೂಗಲಿನಂಥ ಬಲಾಢ್ಯ ಸಂಸ್ಥೆ 2018ರಲ್ಲಿ ತನ್ನ ಸಂಕ್ಷೇಪ ಸೇವೆಯನ್ನು ನಿಲ್ಲಿಸುವುದಾಗಿ ಘೋಷಿಸಿ, 2019ರಲ್ಲಿ ಹೊಸ ಚೀಟಿ ಕೊಡುವುದನ್ನು ನಿಲ್ಲಿಸಿತು. 2024ರ ಜುಲೈಯಲ್ಲಿ, ಹಳೆಯ ಚೀಟಿಗಳೂ 2025ರ ಆಗಸ್ಟ್ 25ರ ತರುವಾಯ ನಡೆಯವು ಎಂದಿತು. ಆಕ್ಷೇಪಗಳು ಬಂದ ಮೇಲೆ, ಈಚೆಗೆ ಬಳಕೆಯಲ್ಲಿರುವ ಚೀಟಿಗಳನ್ನು ಉಳಿಸಿ, ಯಾರೂ ತಟ್ಟದೆ ಇದ್ದವನ್ನು ಮಾತ್ರ ನಿಲ್ಲಿಸುವುದಾಗಿ ನಿರ್ಧಾರವನ್ನು ಸಡಿಲಿಸಿತು. ಈ ಸಡಿಲಿಕೆಯಲ್ಲಿಯೇ ಸಾಹಿತ್ಯದ ಮಂದಿ ಗಮನಿಸಬೇಕಾದ ಅಂಶವಿದೆ. ಯಾರೂ ಬಹುಕಾಲ ತೆರೆಯದ ಪುಸ್ತಕದ ಅಡಿಟಿಪ್ಪಣಿಯಲ್ಲಿರುವ ಕೊಂಡಿ ಎಂದರೆ ‘ಯಾರೂ ತಟ್ಟದ’ ಕೊಂಡಿಯೇ. ಸಂಶೋಧಕನೊಬ್ಬ ಇಪ್ಪತ್ತು ವರ್ಷದ ಮೇಲೆ ಒಂದೇ ಒಂದು ಸಲ ಬಂದು ತಟ್ಟುವ ಬಾಗಿಲು ಅದು. ಗ್ರಂಥಾಲಯಗಳು ಇರುವುದೇ ಅಂಥ ಒಬ್ಬನಿಗಾಗಿ. ವ್ಯಾಪಾರದ ಲೆಕ್ಕದಲ್ಲಿ ಅವನಿಗೆ ಸ್ಥಾನವಿಲ್ಲ.

ಗಿಡ್ಡತನಕ್ಕೆ ಗುಟ್ಟಿನ ಅಪಾಯವೂ ಅಂಟಿಕೊಂಡಿದೆ. ಆರು ಗುರುತುಗಳ ಚೀಟಿಯನ್ನು ಮನುಷ್ಯ ಊಹಿಸಲಾರ, ಕಂಪ್ಯೂಟರು ಊಹಿಸಬಲ್ಲದು. ಸಂಶೋಧಕರಾದ ಮಾರ್ಟಿನ್ ಜಾರ್ಜಿಯೆವ್ ಮತ್ತು ವಿಟಾಲಿ ಶ್ಮಾಟಿಕೋವ್ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಮಾಡಿ ತೋರಿಸಿತು. ಸುಮ್ಮನೆ ಒಂದರ ಮೇಲೊಂದು ಚೀಟಿಯನ್ನು ಪ್ರಯತ್ನಿಸುತ್ತ ಹೋದರೆ, ಆಪ್ತರಿಗೆಂದು ಮಾತ್ರ ಕೊಟ್ಟ ಕಡತಗಳೂ ಅವರಿವರ ಪ್ರಯಾಣದ ನಕ್ಷೆಗಳೂ ಅಪರಿಚಿತರ ಕೈಗೆ ಸಿಕ್ಕುತ್ತಿದ್ದವು. ಇವರು ತಿಳಿಸಿದ ಮೇಲೆ ಗೂಗಲ್ ತನ್ನ ನಕ್ಷೆಗಳ ಚೀಟಿಗಳನ್ನು ಹನ್ನೊಂದು ಹನ್ನೆರಡು ಗುರುತುಗಳಿಗೆ ಉದ್ದ ಮಾಡಿತು. ಸಂಕ್ಷೇಪಕ್ಕೂ ಒಂದು ಮೇರೆಯಿದೆಯೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಸಂಕ್ಷೇಪವೇ ಬೇಡವೆಂದು ಹೇಳಬೇಕೆ? ಹಾಗಲ್ಲ. ಸಂಕ್ಷೇಪ ನಮ್ಮ ವಿದ್ವತ್ತಿನ ಹಳೆಯ ಗೆಳೆಯ. 1894ರಲ್ಲಿ ಹೊರಬಂದ ಕಿಟ್ಟೆಲ್ ಅವರ ನಿಘಂಟನ್ನು ತೆರೆದು ನೋಡಿ; ಆಕರ ಗ್ರಂಥಗಳ ಹೆಸರುಗಳೆಲ್ಲ ಒಂದೆರಡು ಅಕ್ಷರಗಳಿಗೆ ಇಳಿದಿವೆ. ಶಾಸನಗಳ ಅಧ್ಯಯನದಲ್ಲಿಯಂತೂ ಅದಿಲ್ಲದೆ ಒಂದು ಹೆಜ್ಜೆ ನಡೆಯುವಂತಿಲ್ಲ. ‘ಎ.ಕ. 7, ಶಿಕಾರಿಪುರ 176’ ಎಂದು ಬರೆದರೆ, ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 176ನೆಯ ಶಾಸನ, ಅಂದರೆ ಕದಂಬರ ಇತಿಹಾಸಕ್ಕೆ ಆಧಾರಸ್ತಂಭವಾದ ತಾಳಗುಂದದ ಸ್ತಂಭಶಾಸನ ಎಂದರ್ಥ. ನೂರು ವರ್ಷಕ್ಕೂ ಹಿಂದಿನ ಈ ಚೀಟಿ ಇವತ್ತಿಗೂ ನಡೆಯುತ್ತದೆ. ಏಕೆ? ಅದರ ಕೀಲಿ ಒಬ್ಬರ ಪೆಟ್ಟಿಗೆಯಲ್ಲಿಲ್ಲ. ಸಂಕೇತಾಕ್ಷರಗಳ ಪಟ್ಟಿಯನ್ನು ಪುಸ್ತಕದ ಮೊದಲ ಪುಟಗಳಲ್ಲಿಯೇ ಅಚ್ಚು ಹಾಕುವುದು ನಮ್ಮ ಹಿರಿಯರ ಸಂಪ್ರದಾಯ. ಎಷ್ಟು ಪ್ರತಿಗಳು ಅಚ್ಚಾದವೋ ಅಷ್ಟು ಕೀಲಿಗಳು. ಎಷ್ಟು ಗ್ರಂಥಾಲಯಗಳಿವೆಯೋ ಅಷ್ಟು ಖಾತೆ ಪುಸ್ತಕಗಳು. ಅಲ್ಲದೆ ಆ ಚೀಟಿಯಲ್ಲಿ ಊರಿನ ಹೆಸರು ಉಳಿದಿರುವುದರಿಂದ, ಪಟ್ಟಿ ಕಳೆದುಹೋದರೂ ಬಲ್ಲವನು ದಾರಿ ಹುಡುಕಿಕೊಳ್ಳಬಲ್ಲ.

ಕೀಲಿ ಬರಹದ ಜೊತೆಯಲ್ಲಿಯೇ ಪ್ರಯಾಣ ಮಾಡಬೇಕು ಎಂಬ ಈ ತತ್ತ್ವವನ್ನು ಆದೇಶದ ಸಾಲಿನ ಉಪಕರಣಕ್ಕೂ ಕಲಿಸಬಹುದು, ಅದೇನೂ ಕಷ್ಟವಲ್ಲ. ಉಪಕರಣ ಪ್ರತಿಯೊಂದು ಚೀಟಿಯನ್ನು ಪಡೆದಾಗಲೂ ಚೀಟಿ, ಉದ್ದ ವಿಳಾಸ, ದಿನಾಂಕ ಈ ಮೂರನ್ನೂ ಒಂದು ಸಾದಾ ಕಡತದಲ್ಲಿ ಬರೆದಿಡಲಿ. ಅದೇ ವಿಳಾಸ ಮತ್ತೊಮ್ಮೆ ಬಂದರೆ ಹೊರಗೆ ಹೋಗಿ ಕೇಳದೆ ಈ ಕಡತದಿಂದಲೇ ಉತ್ತರಿಸಲಿ. ಒಂದೇ ಪುಟಕ್ಕೆ ಎರಡು ಚೀಟಿ ಹುಟ್ಟುವುದೂ ಇದರಿಂದ ತಪ್ಪುತ್ತದೆ. ಲೇಖನವನ್ನು ಇನ್ನೊಬ್ಬರಿಗೆ ಕಳುಹಿಸುವಾಗ ಆ ಕಡತವೂ ಜೊತೆಗೆ ಹೋಗಲಿ. ಬೇರೆಯವರ ಗಿಡ್ಡ ವಿಳಾಸ ನಮ್ಮ ಕೈಗೆ ಬಂದಾಗ, ‘ಕರ್ಲ್’ ಉಪಕರಣವನ್ನು ಕಳುಹಿಸಿ, ಒಳಗೆ ಕಾಲಿಡದೆ ಬಾಗಿಲಲ್ಲಿಯೇ ನಿಂತು ‘ಇದು ಎಲ್ಲಿಗೆ ಒಯ್ಯುತ್ತದೆ’ ಎಂದು ಕೇಳಿಬರುವಂತೆ ಹೇಳಬಹುದು. ಆ ಉತ್ತರವನ್ನೂ ಬರೆದಿಟ್ಟುಕೊಳ್ಳುವುದು ಮೇಲು.

ಅಚ್ಚಿಗೆ ಹೋಗುವ ಬರಹಕ್ಕೆ ಹೊರಗಿನ ಸೇವೆಯ ನೆರವೇ ಬೇಕಿಲ್ಲ. ಉಪಕರಣ ವಿಳಾಸವನ್ನು ಕಂಡಲ್ಲಿ ಆವರಣದೊಳಗೆ ಒಂದು ಅಂಕಿಯನ್ನಿಟ್ಟು, ಪೂರ್ಣ ವಿಳಾಸಗಳನ್ನೆಲ್ಲ ಅನುಕ್ರಮವಾಗಿ ಲೇಖನದ ಕೊನೆಗೆ ಸಾಗಿಸಿದರೆ ಸಾಕು. 1992ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಲಿಂಕ್ಸ್’ ಎಂಬ ಅಕ್ಷರಮಾತ್ರದ ಜಾಲದರ್ಶಕ ಜಾಲದ ಪುಟವನ್ನು ಸಾದಾ ಬರಹವಾಗಿಸಿ ಕೊಡುವಾಗ ಮಾಡುವುದು ಇದನ್ನೇ. ಓದಿನ ಓಟಕ್ಕೆ ಅಡ್ಡಿಯಿಲ್ಲ, ವಿಳಾಸಕ್ಕೂ ಹಾನಿಯಿಲ್ಲ. ಓದುಗರು ಕೈಯಿಂದ ಬರೆದುಕೊಳ್ಳಬೇಕಾದ ಸಂದರ್ಭಗಳಲ್ಲಿ, ಭಿತ್ತಿಪತ್ರದಲ್ಲಿಯೋ ಬಾನುಲಿಯಲ್ಲಿಯೋ, ಗಿಡ್ಡ ವಿಳಾಸ ಬೇಕೇ ಬೇಕು. ಆಗಲೂ ಪುಟವನ್ನು ಇಟ್ಟುಕೊಂಡಿರುವ ಸಂಸ್ಥೆಯೇ ಕೊಟ್ಟ ಚೀಟಿಯಾದರೆ ಉತ್ತಮ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆ 2019ರಲ್ಲಿ ತನ್ನ ಪುಟಗಳಿಗಾಗಿಯೇ ಇಂಥ ಸೇವೆಯನ್ನು ಆರಂಭಿಸಿತು. ಅಲ್ಲಿ ಮನೆಯವರೇ ಚೀಟಿಯನ್ನೂ ಬರೆಯುವವರು. ಮನೆ ಇರುವಷ್ಟು ಕಾಲ ಚೀಟಿಯೂ ಇರುವುದೆಂದು ನಂಬಲು ಕಾರಣವುಂಟು. 93 ಗುರುತುಗಳ ಕನ್ನಡ ವಿಳಾಸಕ್ಕೆ ಇದಕ್ಕಿಂತ ಹೆಚ್ಚಿನ ಉಪಕಾರ ಸದ್ಯಕ್ಕೆ ಕಾಣದು.

ನಮ್ಮ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಪತ್ರಿಕೆಗಳೂ ಜಾಲದಲ್ಲಿ ಪ್ರಕಟಿಸುವ ಕನ್ನಡ ಬರಹ ದಿನೇ ದಿನೇ ಬೆಳೆಯುತ್ತಿದೆ. ಆ ಬರಹಗಳನ್ನು ಉಲ್ಲೇಖಿಸುವ ಪ್ರಬಂಧಗಳೂ ಬೆಳೆಯುತ್ತಿವೆ. ಐವತ್ತು ವರ್ಷದ ಮೇಲೆ ಅವನ್ನು ಓದುವವನು ಉಲ್ಲೇಖದ ಜಾಗದಲ್ಲಿ ಏನನ್ನು ಕಾಣಬೇಕೆಂಬುದು ಇಂದು ಬರೆಯುವವರ ಕೈಯಲ್ಲಿದೆ. ಬರಹ ಮುಗಿದ ಮೇಲೆ ಉಪಕರಣವನ್ನು ಒಮ್ಮೆ ನಡೆಸಿ; ಅನಗತ್ಯ ಬಾಲಗಳನ್ನು ಕತ್ತರಿಸಿ; ಬೇಕಾದ ಕಡೆ ಚೀಟಿ ಅಂಟಿಸಿ. ಪೂರ್ಣ ವಿಳಾಸಗಳ ಪಟ್ಟಿಯನ್ನು ಮಾತ್ರ ಲೇಖನದ ಕೊನೆಯ ಪುಟದಲ್ಲಿ ಬಿಡದೆ ಉಳಿಸಿ. ಅದಕ್ಕೆ ತಗಲುವ ಕಾಗದ ಒಂದು ಹಾಳೆಗಿಂತ ಹೆಚ್ಚಾಗುವುದಿಲ್ಲ.